ಕೊಕ್ಕೆಯ ಆಟ ಮತ್ತು ಬಲಗೈ ಹೆಬ್ಬೆರಳು

ಇಪ್ಪತ್ತಾರು ವರ್ಷ ನೂರಡಿ ಎತ್ತರದ ಉಕ್ಕಿನ ಗೋಪುರಗಳನ್ನು ಹತ್ತಿ ಇಳಿದವನು ನಾನು. ಬಿದ್ದದ್ದು ಮಾತ್ರ ವೇಲಚೇರಿ ರೈಲು ನಿಲ್ದಾಣದ ಮೆಟ್ಟಿಲಿನಲ್ಲಿ, ಅದೂ ಕೆಳಗಿನಿಂದ ನಾಲ್ಕನೆಯದರಲ್ಲಿ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿತು. ಹೆಬ್ಬೆರಳು ಮಾತ್ರ ಸರ್ಕಾರಿ ಕಚೇರಿಯ ಗುಮಾಸ್ತನಂತೆ, ಹೇಳಿದ್ದನ್ನು ಕೇಳಿಸಿಕೊಂಡು ತನಗೆ ಬೇಕಾದಾಗ ಏಳುತ್ತಿತ್ತು.

ಮಣಲಿಯ ಒಂದು ಕಾರ್ಖಾನೆಯಲ್ಲಿ ಒತ್ತಡ, ಶಾಖ ಅಳೆಯುವ ಮೀಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೇಲೆ ಹತ್ತಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಸ್ಪ್ಯಾನರ್ ತಿರುಗಿಸಬೇಕು. ದಸರಾ ಮುಗಿದ ಮೇಲೆ ಕಾರ್ಖಾನೆಯ ಡಾಕ್ಟರು ಕೈ ಪರೀಕ್ಷೆ ಮಾಡುವವರಿದ್ದರು. ಪಾಸಾದರೆ ಗೋಪುರ, ಇಲ್ಲದಿದ್ದರೆ ನುಂಗಂಬಾಕ್ಕಂನ ಹೆಡ್ ಆಫೀಸಿನಲ್ಲಿ ಒಂದು ಕುರ್ಚಿ, ನಿವೃತ್ತಿಯವರೆಗೆ. ನೆಂಟರೆಲ್ಲ ಎರಡನೆಯದೇ ವಾಸಿ ಎಂದರು. ತಣ್ಣಗೆ ಏಸಿಯಲ್ಲಿ ಕೂತು ಸಂಬಳ ತಗೊಳ್ಳೋಕೆ ಏನು ನೋವು ಎಂದು ಹೆಂಡತಿಯೂ ಕೇಳಿದಳು. ನನಗೆ ಆ ಕುರ್ಚಿಯ ಮಾತೇ ಬೇಡವಾಗಿತ್ತು.

ಹೆಬ್ಬೆರಳಿಗೆಂದು ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದರು. ದಿನಕ್ಕೆ ಮುನ್ನೂರು ಸಲ ಹಿಸುಕಬೇಕು. ಎಂಟು ದಿನದಲ್ಲಿ ಆ ಚೆಂಡಿನ ಮುಖ ಕಂಡರಾಗದು ಎನ್ನುವಂತಾಯಿತು. ಆಗ ಮಗಳು ತನ್ನ ವಿಡಿಯೋ ಗೇಮಿನ ಕಂಟ್ರೋಲರ್ ತಂದು ಕೈಗಿತ್ತಳು. ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ, ಹುಟ್ಟಿ ಬೆಳೆದದ್ದೆಲ್ಲ ಈ ತಮಿಳು ಊರಿನಲ್ಲೇ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ತಮಿಳಿನಲ್ಲಿ ಹೇಳುತ್ತಾಳೆ, ಮನೆ ನಡೆಯುತ್ತದೆ.

ಆಟದಲ್ಲಿ ಹಳದಿ ಕೋಟಿನ ಒಂದು ಪುಟ್ಟ ಆಕೃತಿ ಇತ್ತು. ಅದರ ಕೈಯಲ್ಲಿ ಹಗ್ಗ ಕಟ್ಟಿದ ಕೊಕ್ಕೆ. ಕಂಟ್ರೋಲರಿನ ಮೇಲೆ ಅತ್ತಿತ್ತ ವಾಲುವ ಎರಡು ಪುಟ್ಟ ಸ್ಟಿಕ್ಕುಗಳು. ಎಡದ್ದನ್ನು ಎಡ ಹೆಬ್ಬೆರಳಿನಿಂದ ತಳ್ಳಿ ನಡೆಸುವುದು, ಬಲದ್ದನ್ನು ಬಲ ಹೆಬ್ಬೆರಳಿನಿಂದ ತಳ್ಳಿ ಗುರಿ ಹಿಡಿದು ಕೊಕ್ಕೆ ಎಸೆಯುವುದು. ಕೊಕ್ಕೆ ಮೇಲಿನ ತೊಲೆಗೆ ಸಿಕ್ಕಿಕೊಂಡರೆ ಜೋತು, ಬೀಸಿ, ಬಿಟ್ಟು, ಗಾಳಿಯಲ್ಲಿರುವಾಗಲೇ ಮುಂದಿನ ತೊಲೆಗೆ ಎಸೆಯಬೇಕು. ನಡುವೆ ಹಾರುವ ಯಂತ್ರಗಳು ಬಂದು ಗುಂಡು ಹಾರಿಸುತ್ತವೆ. ಅವನ್ನೂ ಅದೇ ಕೊಕ್ಕೆಯಿಂದ ಎಳೆದು ಬಡಿಯಬೇಕು.

ನನಗೆ ಕಷ್ಟವಾದದ್ದು ಎಸೆಯುವುದಲ್ಲ, ಬಿಡುವುದು. ಗೋಪುರ ಹತ್ತುವಾಗ ನಮ್ಮ ಸೊಂಟದ ಪಟ್ಟಿಗೂ ಎರಡು ಕೊಕ್ಕೆ ಇರುತ್ತವೆ. ಒಂದನ್ನು ಸಿಕ್ಕಿಸದೆ ಇನ್ನೊಂದನ್ನು ತೆಗೆಯುವ ಹಾಗಿಲ್ಲ. ಎಷ್ಟೋ ಜನರಿಗೆ ಇದನ್ನು ಬೈದು ಬೈದು ಕಲಿಸಿದ್ದೇನೆ. ಹೀಗಾಗಿ ನನ್ನ ಹಳದಿ ಕೋಟಿನವನು ತೊಲೆಗೆ ಜೋತುಬಿದ್ದು ಗಡಿಯಾರದ ಲೋಲಕದಂತೆ ತೂಗುತ್ತಲೇ ಇರುತ್ತಿದ್ದ. ಮಗಳು ತಲೆ ಚಚ್ಚಿಕೊಳ್ಳುತ್ತಿದ್ದಳು. "ವಿಡುಪ್ಪಾ! ವಿಟ್ಟಾತಾನ್ ಮೇಲ ಪೋಗ ಮುಡಿಯುಂ!" ಬಿಡಪ್ಪಾ, ಬಿಟ್ಟರೆ ತಾನೇ ಮೇಲೆ ಹೋಗಲಾಗುವುದು ಎಂದು ಅವಳ ಕೂಗು.

"ಬಿಟ್ರೆ ಬೀಳ್ತೀನಲ್ಲೇ."

ಬಿದ್ದರೆ ಏನಾಗುತ್ತದೆ, ಮತ್ತೆ ಮೊದಲಿನಿಂದ ಶುರು ಎಂದಳು. ಇದು ನನಗೆ ಹೊಸ ವಿಷಯ. ಒಂದು ವಾರ ಬಿದ್ದೆ. ಆಮೇಲೆ ಬಿಡಲು ಬಂತು. ಎರಡು ತಿಂಗಳಲ್ಲಿ ಹೆಬ್ಬೆರಳು ಹೇಳಿದ ಕಡೆ ಹೋಗತೊಡಗಿತು. ನವರಾತ್ರಿ ಶುರುವಾಗುವ ಹೊತ್ತಿಗೆ ಏಳನೇ ಹಂತದ ದೀಪಸ್ತಂಭವನ್ನು ತಳದಿಂದ ತುದಿಯವರೆಗೆ ನೆಲ ಮುಟ್ಟದೆ ಏರಿದೆ. ಡಾಕ್ಟರ ಪರೀಕ್ಷೆಯ ಭಯ ಅಂದೇ ಹೋಯಿತು. ಗೆದ್ದ ಖುಷಿಯಲ್ಲಿ ಹೆಂಡತಿಗೆ ನಾನೇ ಕಾಫಿ ಮಾಡಿಕೊಟ್ಟೆ.

ಆಯುಧಪೂಜೆಯ ದಿನ ಮಗಳು ಮೈಸೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಪ್ರತಿವರ್ಷ ನಾನು ಕಾರ್ಖಾನೆಯಲ್ಲಿ ಸ್ಪ್ಯಾನರುಗಳನ್ನು ತೊಳೆದು ಪೂಜೆಗಿಡುತ್ತಿದ್ದೆ. ಈ ಸಲ ರಜೆಯಲ್ಲಿದ್ದೆ.

"ಏನ್ರೀ, ನಿಮ್ದು ಏನಿಡ್ಲಿ ಪೂಜೆಗೆ?" ಎಂದಳು ಹೆಂಡತಿ.

"ನಂದೇನಿದೆ ಈಗ, ಬಿಡು."

ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಹೊಲಿಗೆ ಮಷೀನು, ಈಳಿಗೆಮಣೆ, ಮಗಳ ಲ್ಯಾಪ್‌ಟಾಪಿನ ಪಕ್ಕದಲ್ಲಿ ಕಂಟ್ರೋಲರ್ ಕೂತಿದೆ. ಅವಳ ಪೂಜೆ ಎಂದರೆ ಧಾರಾಳ. ಎರಡು ಸ್ಟಿಕ್ಕಿಗೂ ತೇಯ್ದ ಗಂಧ, ಅದರ ಮೇಲೆ ಕುಂಕುಮ, ಮೇಲೊಂದು ಸೇವಂತಿಗೆ. ಕಾರ್ಖಾನೆಯಲ್ಲಿ ಯಾರಾದರೂ ಮೀಟರಿಗೆ ಕುಂಕುಮ ಹಚ್ಚಲು ಹೋದರೆ ಕೈ ಹಿಡಿದು ತಡೆಯುವವನು ನಾನು. ಹಚ್ಚುವುದಿದ್ದರೆ ಪೆಟ್ಟಿಗೆಯ ಬಾಗಿಲಿಗೆ ಹಚ್ಚಿ ಎನ್ನುತ್ತೇನೆ. ಅಂದು ಒರೆಸಲು ಹೋಗಲಿಲ್ಲ. ನನಗೂ ಒಂದು ಆಯುಧವಿದೆ ಎಂದು ಅವಳಿಗೆ ಅನ್ನಿಸಿದ್ದು ಖುಷಿಯಾಗಿತ್ತು.

ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟಬಾರದು, ಮುಟ್ಟಲಿಲ್ಲ. ವಿಜಯದಶಮಿಯ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಆಟಕ್ಕೆ ಕೂತೆ. ಕೊಕ್ಕೆ ಗುರಿಗಿಂತ ಒಂದು ಬೆರಳು ಕೆಳಗೆ ಬಿತ್ತು. ಮತ್ತೆ ಎಸೆದೆ, ಮತ್ತೆ ಕೆಳಗೆ. ದೀಪಸ್ತಂಭದ ಮೊದಲ ತೊಲೆಯೂ ಸಿಗಲಿಲ್ಲ. ಸಂಜೆಯವರೆಗೆ ನಲವತ್ತು ಸಲ ಬಿದ್ದಿರಬೇಕು. ಹೆಬ್ಬೆರಳಿನ ಬುಡ ಉರಿಯುತ್ತಿತ್ತು, ಒಳಗಿನ ಮೂಳೆ ಜರುಗಿತೇನೋ ಎಂದು ಒತ್ತಿ ಒತ್ತಿ ನೋಡಿಕೊಂಡೆ.

ಮೂರು ದಿನ ಇದೇ ಆಯಿತು. ಯಾರಿಗೂ ಹೇಳಲಿಲ್ಲ. ಅಂಕಿ ತಪ್ಪಾಗಿ ಕಂಡರೆ ಮೊದಲು ಮೀಟರನ್ನು ಅನುಮಾನಿಸು, ಆಮೇಲೆ ಯಂತ್ರವನ್ನು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಹೊಸದಾಗಿ ಸೇರಿದವರಿಗೆಲ್ಲ ಅದನ್ನೇ ಹೇಳುತ್ತೇನೆ. ನನ್ನ ಕೈಯ ವಿಷಯಕ್ಕೆ ಬಂದಾಗ ಅದು ಹೊಳೆಯಲೇ ಇಲ್ಲ. ಡಾಕ್ಟರು, ನನ್ನ ಕೈಕೆಳಗಿನವರು, ಎಲ್ಲರೆದುರು ಸ್ಪ್ಯಾನರ್ ಜಾರಿಬೀಳುವ ಚಿತ್ರವೊಂದೇ ಕಣ್ಣ ಮುಂದೆ. ಫೇಲಾಗುವುದಕ್ಕಿಂತ ನಾನೇ ಬಿಟ್ಟುಕೊಡುವುದು ಮರ್ಯಾದೆ ಎನಿಸಿತು. ನಾಲ್ಕನೇ ದಿನ ಬೆಳಿಗ್ಗೆ ಒಂದು ಬಿಳಿ ಹಾಳೆ ತೆಗೆದುಕೊಂಡು, ಕೈ ಸ್ವಾಧೀನಕ್ಕೆ ಬಂದಿಲ್ಲ, ಹೆಡ್ ಆಫೀಸಿಗೆ ಹಾಕಿ ಎಂದು ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಬರೆದೆ. ಫೋಟೋ ತೆಗೆದು ಕಳಿಸಿ, ಹಾಳೆಯನ್ನು ಅಂಚೆಗೂ ಹಾಕಿದೆ.

ಆರನೇ ದಿನ ಮಗಳು ಬಂದಳು. ಕಂಟ್ರೋಲರ್ ಹಿಡಿದವಳು ಎರಡು ನಿಮಿಷದಲ್ಲಿ ಮುಖ ಕಿವುಚಿದಳು. ಯಾವುದೋ ಚಿಕ್ಕ ಸ್ಕ್ರೂಡ್ರೈವರ್ ಹುಡುಕಿ ಬಿಚ್ಚಿದಳು. ಬಲಗಡೆ ಸ್ಟಿಕ್ಕಿನ ಬುಡದಲ್ಲಿ ಗಂಧ ಕುಂಕುಮ ಸೇರಿ ಒಣಗಿ ಗಟ್ಟಿಯಾಗಿ ಕೂತಿತ್ತು. ಸ್ಟಿಕ್ ಪೂರ್ತಿ ಮೇಲಕ್ಕೆ ಹೋಗುತ್ತಲೇ ಇರಲಿಲ್ಲ.

"ಅಮ್ಮಾ, ಸಾಮಿಕ್ಕು ಗೇಮ್ ಆಡ ಕುಡುತ್ತಿಯಾ?" ಎಂದು ದೇವರಿಗೇ ಆಡಲು ಕೊಟ್ಟೆಯಾ ಎನ್ನುತ್ತ ಬಿದ್ದು ಬಿದ್ದು ನಕ್ಕಳು. ಹೆಂಡತಿ ನಾಲಿಗೆ ಕಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಪತ್ರದ ವಿಷಯ ಇಬ್ಬರಿಗೂ ಹೇಳಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನದು ಉಲ್ಟಾ. ನೆಲವೇ ಡೊಂಕಾಗಿತ್ತು, ನಾನು ಕುಣಿಯಲು ಬರುವುದಿಲ್ಲ ಎಂದು ಬರೆದುಕೊಟ್ಟಿದ್ದೆ. ಮ್ಯಾನೇಜರಿಗೆ ಹೇಳೋಣವೆಂದು ಫೋನ್ ಎತ್ತಿಕೊಂಡೆ. ಆಟದ ಸಾಮಾನಿನಲ್ಲಿ ಕುಂಕುಮ ಸೇರಿತ್ತು ಸಾರ್, ಕೈ ಚೆನ್ನಾಗೇ ಇದೆ ಎನ್ನಬೇಕು. ಐವತ್ತೆರಡು ವರ್ಷದವನ ಬಾಯಲ್ಲಿ ಆ ಮಾತು ಹೊರಡಲಿಲ್ಲ. ನಾಚಿಕೆಯಾಯಿತು, ಫೋನ್ ಕೆಳಗಿಟ್ಟೆ. ಎರಡು ದಿನದಲ್ಲಿ ಆರ್ಡರ್ ಬಂತು. ನನ್ನ ಜಾಗಕ್ಕೆ ಇನ್ನೊಬ್ಬರು ಆಗಲೇ ಬಂದಾಗಿತ್ತು.

ನುಂಗಂಬಾಕ್ಕಂಗೆ ಸೇರಿಕೊಳ್ಳಲು ಹೋದ ದಿನ ಅಲ್ಲಿನ ಸಿಬ್ಬಂದಿ ವಿಭಾಗದ ಅಧಿಕಾರಿಣಿ ನನ್ನ ಫೈಲು ತೆರೆದು ಕೂತಿದ್ದರು. ಮೃದು ಮಾತಿನವರು. ಯಾವ ಕೈ ಸಾರ್ ಎಂದು ತಮಿಳಿನಲ್ಲಿ ಕೇಳಿದರು.

"ಬಲಗೈ" ಎಂದೆ.

ಅವರು ಫೈಲಿನಲ್ಲಿದ್ದ ನನ್ನ ಪತ್ರವನ್ನು ನೋಡಿದರು, ನಾನೂ ನೋಡಿದೆ. ಒಂದು ಪುಟ ತುಂಬ ಬರಹ, ಒಂದೇ ಒಂದು ಚಿತ್ತಿಲ್ಲ, ಗೆರೆ ಹಾಕದ ಹಾಳೆಯಲ್ಲಿ ಸಾಲುಗಳೆಲ್ಲ ನೆಟ್ಟಗೆ.

"ಕೈಬರಹ ಎಷ್ಟು ಚೆನ್ನಾಗಿದೆ! ಯಾರು ಬರೆದುಕೊಟ್ಟರು ಸಾರ್?"

"ಮಗಳು" ಎಂದೆ.