ಸ್ಟವ್ ಮುಟ್ಟದ ಶಾಂತಾ

ಗೆಳತಿಯರೇ, ಇವತ್ತು ಅಡುಗೆ ಕ್ಲಾಸಿನಲ್ಲಿ ಒಂದು ಮಗು ಸುಟ್ಟುಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು.

ಮುಂಬಯಿಯ ದಾದರಿನಲ್ಲಿ ನಾನು ಕಲಿಸುವ ಕನ್ನಡ ಶಾಲೆಯಲ್ಲಿ ಅಡುಗೆ ಕೋಣೆ ಇರುವುದು ಒಂದೇ. ಹಾಗಾಗಿ ಏಳನೆಯ ತರಗತಿಯವರೂ ನಾಲ್ಕನೆಯವರೂ ಒಟ್ಟಿಗೇ ಕಲಿಯುತ್ತಾರೆ. ರೇಷನ್ನಿನ ಸೀಮೆಎಣ್ಣೆ ತುಂಬಿದ ಪಂಪ್ ಸ್ಟವ್ ಅನ್ನು ದೊಡ್ಡವಳು ಹಚ್ಚಬೇಕು, ಅವಳ ಜೋಡಿಯ ಚಿಕ್ಕವಳು ದೂರದಿಂದ ನೋಡಬೇಕು. ಇವತ್ತು ತಿರುಗಿ ನೋಡಿದರೆ, ನಾಲ್ಕನೆಯ ಗಿರಿಜಾ ಹೊತ್ತಿದ ಸ್ಟವ್ ಮುಂದೆ ಒಬ್ಬಳೇ ಕೂತು ಪಂಪ್ ಹೊಡೆಯುತ್ತಿದ್ದಾಳೆ! ಏಳನೆಯ ಶಾಂತಾ ಗೋಡೆಗೆ ಅಂಟಿ ನಿಂತು, “ಇನ್ನೂ ಹೊಡಿ, ಇನ್ನೂ ಹೊಡಿ” ಎನ್ನುತ್ತಿದ್ದಾಳೆ.

“ನೀನ್ಯಾಕೆ ಹಚ್ಚಲಿಲ್ಲ?” ಎಂದು ಕೂಗಿದೆ.

“ನಾ ಹೊರಗಾಗೀನ್ರಿ ಟೀಚರ್. ಮೂರು ದಿನ ಒಲಿ ಮುಟ್ಟಬಾರದಂತ ನಮ್ಮವ್ವ ಹೇಳ್ಯಾಳ.”

ಸ್ಟವ್ ಇನ್ನೂ ಕಾದಿರಲಿಲ್ಲ. ಕಾಯುವ ಮೊದಲೇ ಪಂಪ್ ಹೊಡೆದದ್ದಕ್ಕೆ ಸೀಮೆಎಣ್ಣೆ ಚಿಮ್ಮಿ ಭಗ್ಗೆಂದು ಉರಿ ಎದ್ದಿತು. ನಾನು ತಲುಪುವ ಮೊದಲೇ ಶಾಂತಾ ಹಾರಿ ಬಂದು ಗಿರಿಜಾಳನ್ನು ಎದೆಗೆ ಎಳೆದುಕೊಂಡಳು. ನಾನು ಸ್ಟವ್‌ನ ಗಾಳಿ ಬಿಟ್ಟು ಆರಿಸಿದೆ.

ಗಿರಿಜಾ ಅಳಲು ಶುರುಮಾಡಿದ್ದು ಉರಿಗೆ ಹೆದರಿ ಅಲ್ಲ. “ಅಕ್ಕಾ, ನನ್ನ ಮುಟ್ಟಿದಿ! ಈಗ ನಾ ಜಳಕಾ ಮಾಡಬೇಕು. ನಮ್ಮ ಚಾಳಿನ್ಯಾಗ ನೀರು ಮುಂಜಾನೆನ ಹೋಗ್ಯಾವ!”

ಶಾಂತಾ ಅವಳನ್ನು ಬಿಡದೆಯೇ ಹೇಳಿದಳು: “ನಳಕ್ಕ ನೀರು ಬರೂತನಕಾ ಮುಟ್ಟಿಲ್ಲಂತ ತಿಳ್ಕೋ.”

ನಾಳೆಯಿಂದ ಸ್ಟವ್ ಹಚ್ಚುವುದು ನಾನೇ. ನನ್ನ ಮೂರು ದಿನ ಯಾವಾಗ ಎಂದು ನಮ್ಮ ಕ್ಲಾಸಿನಲ್ಲಿ ಮಾಡಿದ ಉಪ್ಪಿಟ್ಟು ತಿನ್ನುವ ಹೆಡ್‌ಮಾಸ್ತರರು ಇದುವರೆಗೆ ಕೇಳಿಲ್ಲ. ನಾನಾಗಿ ಹೇಳುವವಳೂ ಅಲ್ಲ.