ಶೈಲಜಾ ಎಂಬ ಕ್ಲಾಸ್ ಬೇಡ

ಕಳೆದ ವಾರ ನಾನೇ ಎದುರಿಗೆ ಕುಳಿತು ನನ್ನ ಹೆಂಡತಿಯ ಹೆಸರನ್ನು ಅಳಿಸಿ ಹಾಕಿಸಿ ಬಂದೆ. ಅವಳ ವರ್ಷಾಂತದ ತಿಥಿ ಇನ್ನೂ ಆಗಿಲ್ಲ.

ಗಾಬರಿಯಾಗಬೇಡಿ. ರೇಷನ್ ಕಾರ್ಡಿನಿಂದಲ್ಲ. (ಅದರಲ್ಲಿ ಅವಳಿನ್ನೂ ಇದ್ದಾಳೆ. ಇರಲಿ ಬಿಡಿ.) ಅಳಿಸಿದ್ದು ಕಂಪ್ಯೂಟರಿನಿಂದ.

ಶೈಲಜಾ ಶಿರಸಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅಡಿಕೆ ಮಂಡಿಗಳಿಗೆಂದು ಅವಳೊಂದು ಸಾಫ್ಟ್‌ವೇರ್ ಲೈಬ್ರರಿ ಬರೆದಿದ್ದು ಅಷ್ಟಾಗಿ ಗೊತ್ತಿಲ್ಲ. ಲೈಬ್ರರಿ ಅಂದರೆ ಪುಸ್ತಕದ ಕಪಾಟಲ್ಲ. ಪ್ರೋಗ್ರಾಂ ಬರೆಯುವವರು ಎತ್ತಿ ಜೋಡಿಸಿಕೊಳ್ಳಬಹುದಾದ ಸಿದ್ಧ ಭಾಗಗಳು. ಒಂದೊಂದು ಭಾಗಕ್ಕೆ ಕ್ಲಾಸ್ ಅನ್ನುತ್ತಾರೆ. ಅದನ್ನವಳು ಓಪನ್ ಸೋರ್ಸ್ ಎಂದು ಇಂಟರ್ನೆಟ್ಟಿನಲ್ಲಿಟ್ಟಳು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಳಸಬಹುದು.

ಕೋಡ್ ಬರೆಯುವುದು ಅವಳಿಗೆ ಕಷ್ಟವಿರಲಿಲ್ಲ. ಕಷ್ಟವೆಲ್ಲ ಕ್ಲಾಸಿಗೆ ಹೆಸರಿಡುವುದರಲ್ಲಿ. ನಾನು ಬಸಳೆ ಹೆಚ್ಚುತ್ತ ಕೂತಿದ್ದರೆ ಬಂದು ಎದುರು ನಿಲ್ಲುತ್ತಿದ್ದಳು.

"ನಾ ಇದ್ಕೆ 'ಮ್ಯಾನೇಜರ್' ಹೇಳಿ ಹೆಸರಿಟ್ಟಿದ್ದಿ. ಇದು ಎಂತ ಮಾಡ್ತು ಹೇಳಿ ನೋಡನ?"

"ಮ್ಯಾನೇಜರ್ ಆದ್ರೆ ಯಾರನ್ನೋ ಬೈತು."

"ಹಂಗಾದ್ರೆ ಬೇಡ," ಎಂದು ವಾಪಸು ಹೋಗುತ್ತಿದ್ದಳು.

ಪಿಯುಸಿಗೇ ಓದು ನಿಲ್ಲಿಸಿದ ನನ್ನಂಥ ಸ್ಟೇಷನರಿ ಅಂಗಡಿಯವನಿಗೆ ತಿಳಿಯದ ಹೆಸರು ಆ ಲೈಬ್ರರಿಯಲ್ಲಿ ಉಳಿಯಲಿಲ್ಲ. ಹುಚ್ಚು ಅನ್ನಿಸುತ್ತದೆಯೇ? ನನಗೂ ಅನ್ನಿಸಿತ್ತು, ಸಿದ್ದಾಪುರದ ಒಂದು ಮಂಡಿಯಲ್ಲಿ ನಡೆದದ್ದನ್ನು ಕಣ್ಣಾರೆ ನೋಡುವ ತನಕ.

ಕೆಂಪುಗೋಟು ಎಂಬ ಬಗೆಯ ಅಡಿಕೆಯ ಲೆಕ್ಕಕ್ಕೆ ಅವಳು ಮೊದಲು 'ಕೆಂಪು' ಎಂದಷ್ಟೇ ಹೆಸರಿಟ್ಟಿದ್ದಳು. ಆ ಮಂಡಿಗೆ ಪ್ರೋಗ್ರಾಂ ಮಾಡಿಕೊಟ್ಟವನು ಘಟ್ಟದ ಮೇಲಿನವನಲ್ಲ, ಅಡಿಕೆಯ ಬಗೆಗಳು ತಿಳಿಯದವನು. ಬೇಯಿಸಿ ಒಣಗಿಸಿದ ರಾಶಿ ಅಡಿಕೆಯೂ ನೋಡಲು ಕೆಂಪೇ ಅಲ್ಲವೇ? ಅದನ್ನೂ ಅಲ್ಲಿಗೇ ಸೇರಿಸಿದ. ಒಳ್ಳೆಯ ರಾಶಿಯ ಚೀಲಗಳೆಲ್ಲ ಕಡಿಮೆ ದರ್ಜೆಯ ಗೋಟಿನ ಸಾಲಿಗೆ ಹೋಗಿ ಕೂತವು. ವಾನಳ್ಳಿಯಿಂದ ಬಂದ ಹೆಗಡೇರೊಬ್ಬರು ಸೊಂಟಕ್ಕೆ ಕೈಯಿಟ್ಟು ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ನನ್ನ ರಾಶಿ ಗೋಟಿನ ಪಂಕ್ತಿಲಿ ಎಂತಕ್ಕೆ ಕುಂತಿದ್ದು? ಊಟಕ್ಕೆ ಬಂದಿದ್ದಾ?"

ಎಲ್ಲರೂ ನಕ್ಕರು. ಶೈಲಜಾ ನಗಲಿಲ್ಲ. "ಅವ ಬರದ್ದು ಸರಿ ಇದ್ದು. ನಾ ಇಟ್ಟ ಹೆಸರೇ ಸರಿ ಇಲ್ಲೆ," ಅಂದಳು. ಮನೆಗೆ ಬಂದು ಸ್ನಾನಕ್ಕೂ ಹೋಗದೆ ಅದನ್ನು 'ಕೆಂಪುಗೋಟು' ಮಾಡಿದಳು.

ಹೋದ ಮಳೆಗಾಲ ಜ್ವರವೆಂದು ಮಲಗಿದವಳು ಏಳಲಿಲ್ಲ. ಅದರ ಬಗ್ಗೆ ಇಲ್ಲಿ ಇಷ್ಟೇ ಬರೆಯಬಲ್ಲೆ.

ಈಗ ಲೈಬ್ರರಿಯನ್ನು ನೋಡಿಕೊಳ್ಳುವವನು ಅವಳ ಹಳೆಯ ವಿದ್ಯಾರ್ಥಿ ಇರ್ಫಾನ್. ಯಲ್ಲಾಪುರದಲ್ಲಿ ಲಾರಿ ಇಟ್ಟುಕೊಂಡಿರುವ ಮನೆತನ. ಕಳೆದ ವಾರ ನನ್ನನ್ನು ತನ್ನ ಆಫೀಸಿಗೆ ಕರೆಸಿದ. ನಂದೊಳ್ಳಿಯಿಂದ ಶೈಲಜಾಳ ಅಣ್ಣ ಗಣಪತಿಯೂ ಬಂದಿದ್ದ. ವ್ಯಾಪಾರಿಗಳು ಬರೆದು ಹಾಕಿದ ದರಗಳನ್ನು ತೆರೆದು, ಮಾಲು ಯಾರಿಗೆಂದು ತೀರ್ಮಾನಿಸುವ ಮುಖ್ಯ ಕ್ಲಾಸಿನ ಹೆಸರು 'ಟೆಂಡರ್‌ಸೇಲ್'. ಅದನ್ನು ಬದಲಿಸಿ 'ಶೈಲಜಾ' ಎಂದಿಡಬೇಕೆಂದು ಲೈಬ್ರರಿ ಬಳಸುವವರೆಲ್ಲ ಇಮೇಲಿನಲ್ಲಿ ಒಪ್ಪಿದ್ದರಂತೆ. ನಾನು ಹೂಂ ಅನ್ನುವುದೊಂದು ಬಾಕಿ.

ಹೆಸರು ಆಗಲೇ ಬದಲಿಸಿಟ್ಟಿದ್ದ ಇರ್ಫಾನ್ ಮಾನಿಟರ್ ನನ್ನ ಕಡೆ ತಿರುಗಿಸಿದ. "ನೋಡಿ ಸರ್. ಇನ್ಮೇಲೆ ಮೇಡಂ ಹೆಸರಿಲ್ದೆ ಯಾವ ಮಂಡೀಲೂ ಒಂದು ಚೀಲ ಅಲ್ಲಾಡಲ್ಲ."

ಕಪ್ಪು ಪರದೆಯ ಮೇಲೆ ಅವಳ ಹೆಸರು. ಸುಳ್ಳು ಹೇಳುವುದಿಲ್ಲ, ಇರಲಿ ಅನ್ನಿಸಿತು. ಕೈ ತಾನಾಗಿ ಮುಂದೆ ಹೋಗಿ ಗಾಜನ್ನು ಮುಟ್ಟಿತು. ಬೆಚ್ಚಗಿತ್ತು.

ಕೈ ಹಿಂದೆ ತೆಗೆದುಕೊಂಡೆ.

"ಇರ್ಫಾನ್, ಎಲ್ಲೋ ಕೇರಳದಲ್ಲಿ ಒಬ್ಬಳು ಹೊಸದಾಗಿ ಇದನ್ನ ತೆರೀತಾಳೆ. ಶೈಲಜಾ ಅಂತ ಓದ್ತಾಳೆ. ಏನು ತಿಳ್ಕೋಬೇಕು?"

"ಮೇಲೊಂದು ಟಿಪ್ಪಣಿ ಹಾಕ್ತೀನಿ ಸರ್."

"ಟಿಪ್ಪಣಿ ಓದಿದ್ರೆ ಮಾತ್ರ ತಿಳಿಯೋ ಹೆಸರನ್ನ ನಿಮ್ಮ ಮೇಡಂ ಪಾಸ್ ಮಾಡ್ತಿದ್ರಾ?"

ಅವನು ತಲೆ ತಗ್ಗಿಸಿದ. ಗಣಪತಿ ತಗ್ಗಿಸಲಿಲ್ಲ. "ನಮ್ಮನೆ ಕೂಸಿನ ಹೆಸರು ನಾಕು ಕಡೆ ಓಡಾಡಿದ್ರೆ ನಿಂಗೆ ಎಂತ ತ್ರಾಸು ಭಾವ? ಮತ್ತೊಂದು ಮದ್ವೆಗೆ ಅಡ್ಡ ಬತ್ತು ಹೇಳಾ?"

ಇರ್ಫಾನ್ ಎದ್ದು ನಿಂತ. ನಾನು ಕೂತೇ ಇದ್ದೆ. "ಇದು ಟೆಂಡರಿನ ದರ ತೆಗ್ಯ ಕ್ಲಾಸು, ಭಾವ. ನಿನ್ನ ತಂಗಿ ಅಲ್ಲ," ಅಂದೆ. "ಅಳಿಸು ಇರ್ಫಾನ್."

ಅವನು ಅಳಿಸಿದ. 'ಟೆಂಡರ್‌ಸೇಲ್' ವಾಪಸು ಬಂತು. ತರಿಸಿದ ಚಹಾ ಕುಡಿಯದೆ ಗಣಪತಿ ಎದ್ದು ಹೋದ.

ನಾವು ಹೆಸರಿಡುವ ರೀತಿಯೇ ಹೀಗೆ ಅಲ್ಲವೇ? ರಸ್ತೆಗೊಬ್ಬರು ಹಿರಿಯರ ಹೆಸರು, ಸರ್ಕಲ್ಲಿಗೊಬ್ಬರದು. ಆಮೇಲೆ ಆಟೋದವನಿಗೆ ಏನು ಹೇಳುತ್ತೇವೆ? "ಹಳೇ ಬಸ್ ಸ್ಟ್ಯಾಂಡ್ ರೋಡ್." ಹಿರಿಯರು ಬೋರ್ಡಿನ ಮೇಲೆ ಧೂಳು ಕುಡಿಯುತ್ತ ನಿಂತಿರುತ್ತಾರೆ. ನನ್ನ ಹೆಂಡತಿಯನ್ನು ಹಾಗೆ ನಿಲ್ಲಿಸಲು ನಾನು ತಯಾರಿಲ್ಲ. ಗೊತ್ತಿಲ್ಲದ ಯಾರೋ ಒಬ್ಬಳು ಅವಳ ಹೆಸರಿನ ಎದುರು ತಲೆ ಕೆರೆದುಕೊಂಡು, ಎಲ್ಲೋ ಒಂದು ಕಡೆ ಮತ್ತೆ ಯಾರದೋ ಚೀಲ ತಪ್ಪು ಸಾಲಿಗೆ ಹೋದರೆ, ಅದು ಅವಳಿಗೆ ಮಾಡಿದ ಗೌರವವೇ?

ಊರಲ್ಲಿ ಮಾತು ನಡೆಯುತ್ತಿದೆ. ಅಂಗಡಿಗೆ ಪೆನ್ನು ಕೊಳ್ಳಲು ಬಂದವರೂ ಮುಖ ನೋಡಿ ಹೋಗುತ್ತಾರೆ. ನನ್ನ ಎದೆ ಕಲ್ಲು ಅನ್ನುತ್ತಾರೆ. ಆಗಲಿ. ಅವಳ ಬಟ್ಟೆಗಳನ್ನು ಮಡಚಿಡಲು ಇನ್ನೂ ಧೈರ್ಯ ಬಂದಿಲ್ಲ, ಆದರೆ ಈ ಒಂದು ವಿಷಯದಲ್ಲಿ ನಾನು ಬಗ್ಗುವವನಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ.

ಶೈಲಜಾಳ ಹೆಸರು ಉಳಿಸಲು ಇಷ್ಟು ಜನ ಎದ್ದು ಬಂದಿರಲ್ಲ, ಇರ್ಫಾನ್ ಜೊತೆ ಕೂತು ಲೈಬ್ರರಿ ತಿದ್ದುತ್ತ ಅವಳ ಕೆಲಸ ಉಳಿಸಲು ಎಷ್ಟು ಜನ ಬರುತ್ತೀರಿ?