ತೆರೆದಿಟ್ಟ ಎಂಜಿನ್ನು

ಉಸ್ತಾದರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹರೆಯದಲ್ಲಿ ಯಾವುದೋ ಲಾರಿಯ ಫ್ಯಾನ್ ಬೆಲ್ಟು ಅದನ್ನು ಕಿತ್ತುಕೊಂಡು ಹೋಗಿತ್ತಂತೆ. ಆ ಜಾಗದಲ್ಲಿ ತೆಳ್ಳಗಿನ ನುಣುಪು ಚರ್ಮ ಬಂದಿತ್ತು. ಮೊಣಕೈತನಕ ಕರಿ ಎಣ್ಣೆ ಮೆತ್ತಿಕೊಂಡಿದ್ದರೂ ಆ ಬೆರಳೊಂದನ್ನು ಪೈಜಾಮಕ್ಕೆ ಒರೆಸಿ ಒರೆಸಿ ಸ್ವಚ್ಛವಾಗಿಡುತ್ತಿದ್ದರು. ಸಿಲಿಂಡರಿನ ಒಳಗೋಡೆ ಎಲ್ಲಿ ಸವೆದಿದೆ ಎಂದು ಸವರಿ ನೋಡುವುದು ಅದರಿಂದಲೇ. "ಉಗುರು ಇದ್ದವ್ರಿಗಿ ಇದು ತಿಳಿಯಂಗಿಲ್ಲ ಭಾಬಿ," ಎಂದು ನನ್ನ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಜಂಬಕ್ಕೇನೂ ಕೊರತೆಯಿರಲಿಲ್ಲ ಆ ಮನುಷ್ಯನಿಗೆ.

ಹುಮನಾಬಾದಿನಲ್ಲಿ ಹೆದ್ದಾರಿಗೆ ಹತ್ತಿಕೊಂಡೇ ಅವರ ಗ್ಯಾರೇಜು. ಗ್ಯಾರೇಜು ಎಂದರೆ ಒಂದು ಬೇವಿನ ಮರ, ನಾಲ್ಕು ತಗಡು, ಬೇಕಾದಷ್ಟು ಧೂಳು. ಹಿಂದಿನ ಓಣಿಯಲ್ಲಿ ನಮ್ಮ ಮನೆ. ನನ್ನ ಯಜಮಾನರಿಗೆ ಒಂದು ಲಾರಿಯಿತ್ತು. ಅದಕ್ಕೆ ನೆಗಡಿ ಬಂದರೂ ಉಸ್ತಾದರೇ ಬೇಕು. ಯಜಮಾನರು ಕಾಮಾಲೆಯಾಗಿ ತೀರಿಕೊಂಡಾಗ ನನಗೆ ಉಳಿದದ್ದು ಎರಡು ಮಕ್ಕಳು ಮತ್ತು ಆ ಲಾರಿ. ಡ್ರೈವರ್ ಇಟ್ಟುಕೊಂಡು ಒಂದು ವರ್ಷ ನಡೆಸಿದೆ. ಎಪ್ಪತ್ತರ ದಶಕದ ನಡುವಿನ ಮಾತಿದು. ಒಂದು ದಿನ ಬಸವಕಲ್ಯಾಣದ ದಾರಿಯಲ್ಲಿ, ತುಂಬಿದ ಲೋಡಿನ ಮೇಲೆ, ಎಂಜಿನ್ನಿನ ಬೆನ್ನೆಲುಬಿನಂಥ ಕ್ರ್ಯಾಂಕು ಎರಡು ತುಂಡಾಯಿತು. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸಿ ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆವು.

ಮೋರಖಂಡಿಯಿಂದ ಭಾವ ಬಂದರು. ನನ್ನ ಯಜಮಾನರ ಅಣ್ಣ, ಹೊಲಮನೆ ನೋಡಿಕೊಂಡಿದ್ದವರು. "ಗುಜರಿಗಿ ಹಾಕಿಬಿಡವಾ. ಮಕ್ಕಳನ್ನ ಕರ್ಕೊಂಡು ಊರಿಗಿ ಬಾ. ನಿಮ್ಮ ಮೂರು ರೊಟ್ಟಿ ನಮಗೇನು ಭಾರ ಅಲ್ಲ," ಎಂದರು. ಭಾವ ಕೆಟ್ಟವರಲ್ಲ. ಆಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಆ ರೊಟ್ಟಿ ನನಗೆ ಗೊತ್ತಿತ್ತು. ನೆಗೆಣ್ಣಿಯ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ಉಣ್ಣಬೇಕಾದ ರೊಟ್ಟಿ ಅದು. ಒಲ್ಲೆ ಎಂದೆ. ಭಾವ ಗಡುವು ಹಾಕಿದರು: "ಹಳ್ಳಿಖೇಡದ ಕಾರ್ಖಾನಿ ಕಬ್ಬು ನುರಿಸಾಕ ಶುರು ಮಾಡೋ ತನಕ ನೋಡ್ತೀನಿ. ಆಗೂ ಗಾಡಿ ನಿಂತೇ ಇದ್ರ, ನಾ ಹೇಳ್ದಂಗ ಕೇಳಬೇಕು."

ನಮ್ಮ ಗಾಡಿಯ ಕ್ರ್ಯಾಂಕು ಎಲ್ಲೂ ಸಿಗಲಿಲ್ಲ. ಉಸ್ತಾದರು ಗುಜರಿಗಳನ್ನೆಲ್ಲ ಜಾಲಾಡಿ ಬೇರೊಂದು ಜಾತಿಯ ಲಾರಿಯ ಕ್ರ್ಯಾಂಕು ತಂದರು, ಅದರದೇ ಆರು ಕನೆಕ್ಟಿಂಗ್ ರಾಡು ತಂದರು. ಪಿಸ್ಟನ್ನು ನಾಲ್ಕು ಒಂದು ಕಡೆಯವು, ಎರಡು ಇನ್ನೊಂದು ಕಡೆಯವು. ಇವೆಲ್ಲ ಕೂರುವ ಬ್ಲಾಕು ಮಾತ್ರ ನಮ್ಮದು.

"ಇವೆಲ್ಲ ಒಂದಕ್ಕೊಂದು ಹ್ಯಾಂಗ ಹೊಂದ್ತಾವ ಉಸ್ತಾದ?" ಎಂದೆ.

"ತಾವಾಗಿ ಹೊಂದಂಗಿಲ್ಲ ಭಾಬಿ. ಹೊಂದಸಬೇಕು."

ಹೊಂದಿಸುವುದೆಂದರೆ ಏನೆಂದು ಆಮೇಲೆ ಕಂಡೆ. ಆರು ಪಿಸ್ಟನ್ನು, ಆರು ರಾಡು ತೂಕದಲ್ಲಿ ಸಮ ಇರಬೇಕು. ಒಂದು ಭಾರವಾದರೂ ಓಡುವಾಗ ಎಂಜಿನ್ನು ನಡುಗಿ ನಡುಗಿ ಮತ್ತೆ ಕ್ರ್ಯಾಂಕು ಮುರಿಯುತ್ತದೆ. ಸಂತೆಯಿಲ್ಲದ ದಿನ ನೋಡಿ ಓಣಿಯ ಕಿರಾಣಿ ಅಂಗಡಿಯ ತಕ್ಕಡಿ ತಂದು ಬೇವಿನ ಕೊಂಬೆಗೆ ಕಟ್ಟಿದರು. ತೂಕದ ಕಲ್ಲು ಬೇಡವೆಂದರು. ಈ ಪರಡಿಯಲ್ಲೊಂದು ರಾಡು, ಆ ಪರಡಿಯಲ್ಲೊಂದು ರಾಡು. ಕೆಳಗಿಳಿದದ್ದನ್ನು ತೆಗೆದು ಅರದಿಂದ ಉಜ್ಜುವುದು, ಮತ್ತೆ ಇಡುವುದು. ತಕ್ಕಡಿಯ ಮುಳ್ಳು ನೋಡುವ ಕೆಲಸ ನನ್ನದು.

ಅಂಗಡಿಯವ ಬಂದು ಗೋಳಾಡಿದ: "ನನ್ನ ತಕ್ಕಡಿಗಿ ಎಣ್ಣಿ ಹತ್ತಾಕತ್ತದ್ರಿ ಉಸ್ತಾದ!"

"ಎಣ್ಣಿ ಹತ್ತಲಿ ಬಿಡ್ರಿ ಸಾವಕಾರ್ರ. ಇಷ್ಟು ಖರೇ ಅದು ನಿಮ್ಮ ಅಂಗಡ್ಯಾಗ ಯಾವತ್ತ ತೂಗಿತ್ತು?"

ಅಂಗಡಿಯವ ನಕ್ಕು ಹೋದ. ಸಂಜೆಯ ಹೊತ್ತಿಗೆ ರಾಡಿಗೆ ರಾಡು, ಪಿಸ್ಟನ್ನಿಗೆ ಪಿಸ್ಟನ್ನು ಸಮವಾದವು. ಬ್ಲಾಕಿಗೆ ಇಳಿಸಿದರು. ಮರುದಿನ ನನ್ನನ್ನು ಕರೆದು, "ಹೋಳಿಗಿಗಿ ನಾದ್ತೀರಲ್ಲ, ಹಂಗ ಒಂದಿಷ್ಟು ಕಣಕ ನಾದಿಕೊಂಡು ಬರ್ರಿ. ಎಣ್ಣಿ ಮುಂದ ಇರಲಿ," ಎಂದರು. ಹೋಳಿಗೆಯ ಆಸೆಗೆ ಮಕ್ಕಳೂ ಬೆನ್ನು ಹತ್ತಿದರು. ಉಸ್ತಾದರು ಕಣಕವನ್ನು ಆರು ಉಂಡೆ ಮಾಡಿ ಪಿಸ್ಟನ್ನುಗಳ ತಲೆಯ ಮೇಲೆ ಮೆತ್ತಿ, ಮೇಲೆ ಎಂಜಿನ್ನಿನ ಮುಚ್ಚಳವಾದ ಹೆಡ್ಡು ಕೂರಿಸಿ ಬಿಗಿದು, ಕೈಯಿಂದ ಎಂಜಿನ್ನು ತಿರುಗಿಸಿದರು. ಆಮೇಲೆ ಬಿಚ್ಚಿ ನೋಡಿದರು. ಪಿಸ್ಟನ್ನು ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ನಡುವೆ ಎಷ್ಟು ಜಾಗ ಉಳಿಯುತ್ತದೋ ಅಷ್ಟೇ ದಪ್ಪ ಕಣಕ ಉಳಿಯುತ್ತದೆ. ನಾಲ್ಕರಲ್ಲಿ ಸರಿಯಾಗಿತ್ತು. ಎರಡರಲ್ಲಿ ಹರಿದು ಕಬ್ಬಿಣ ಕಾಣುತ್ತಿತ್ತು, ಅವು ಹೆಡ್ಡಿಗೆ ತಾಗುತ್ತಿದ್ದವು.

ಉಸ್ತಾದರು ನೆಲಕ್ಕೆ ಕುಕ್ಕರಿಸಿದರು. "ತೂಕ ನೋಡಿದೆ, ಎತ್ತರ ನೋಡಲಿಲ್ಲ. ಗಲತಿ ನಂದೇ." ಆ ಎರಡರ ತಲೆಯನ್ನು ಲೇತಿನಲ್ಲಿ ತುಸು ಕೆತ್ತಿಸಬೇಕು. ಕೆತ್ತಿಸಿದರೆ ಅವು ಹಗುರಾಗುತ್ತವೆ. ಅವಕ್ಕೆ ಸರಿಯಾಗಿ ಉಳಿದ ನಾಲ್ಕನ್ನೂ ಉಜ್ಜಬೇಕು. ಅಂದರೆ ಎಲ್ಲವೂ ಮೊದಲಿನಿಂದ. ನನಗೆ ಅಳುವೇ ಬಂತು. ಅವರು ಆಗಲೇ ಪಾನಾ ಹಿಡಿದು ಬಿಚ್ಚತೊಡಗಿದ್ದರು.

ಅದೇ ಗಳಿಗೆಗೆ ಭಾವ ಬರಬೇಕೇ? ಒಬ್ಬರೇ ಅಲ್ಲ, ಕಲ್ಯಾಣದ ಗುಜರಿಯವನೂ ಜೊತೆಗಿದ್ದ.

"ಕಾರ್ಖಾನಿ ಇನ್ನೇನು ಶುರು ಆಗ್ತದ. ಇವತ್ತ ರೇಟು ಚಲೋ ಅದ. ಗಾಡಿ ಒಯ್ತೀವಿ," ಎಂದರು ಭಾವ.

ಉಸ್ತಾದರು ತಲೆ ಎತ್ತಲಿಲ್ಲ. "ಮುಚ್ಚಿದ ಎಂಜಿನ್ ಮಾಲಕಂದು. ತೆರೆದ ಎಂಜಿನ್ ಮಿಸ್ತ್ರಿದು. ನಮ್ಮ ಕಸಬಿನ ಕಾಯ್ದಾ. ಬೇಕಾದ್ರ ನಿಮ್ಮ ಜೋಡಿ ಬಂದವ್ರನ್ನೇ ಕೇಳ್ರಿ."

ಗುಜರಿಯವ ತಲೆಯಾಡಿಸಿದ. "ಹೌದ್ರಿ ಗೌಡ್ರ. ಮಿಸ್ತ್ರಿ ಅಂಗಳದಾಗ ತೆರೆದಿದ್ದು ನಾವು ಮುಟ್ಟಂಗಿಲ್ಲ. ನಾಳೆ ಒಂದು ಬೋಲ್ಟ್ ಕಮ್ಮಿ ಬಿದ್ರ ಯಾರ ಕೊರಳಿಗಿ ಬರ್ತದ?"

"ಮುಚ್ಚೋದು ಯಾವಾಗ?" ಎಂದರು ಭಾವ.

"ಬರಾಬರ್ ಆದಾಗ."

ಅಂದಿನಿಂದ ಶುರುವಾಯಿತು ಆಟ. ಭಾವ ಎರಡು ದಿನಕ್ಕೊಮ್ಮೆ ಬರುವರು. ಬಂದಾಗಲೆಲ್ಲ ಎಂಜಿನ್ನು ಬಾಯಿ ತೆರೆದುಕೊಂಡಿರುತ್ತಿತ್ತು. ಕೆಲಸ ಬಾಕಿಯಿತ್ತು, ಅದು ನಿಜ. ಆದರೆ ಒಮ್ಮೆ ನಾನೇ ಕಣ್ಣಾರೆ ನೋಡಿದೆ. ಹೆಡ್ಡು ಕೂರಿಸಿ ಬಿಗಿಯುತ್ತಿದ್ದ ಉಸ್ತಾದರು, ರಸ್ತೆಯಲ್ಲಿ ಕಲ್ಯಾಣದ ಬಸ್ಸಿನಿಂದ ಭಾವನ ತಲೆಯ ಬಿಳಿ ಪಟಗ ಇಳಿದದ್ದೇ ತಡ, ಸರಸರ ಬೋಲ್ಟು ಬಿಚ್ಚಿ ಹೆಡ್ಡನ್ನು ಎತ್ತಿ ಪಕ್ಕಕ್ಕಿಟ್ಟು ಬೀಡಿ ಹಚ್ಚಿ ಕೂತರು. ನನಗೆ ಸೆರಗು ಬಾಯಿಗೆ ತುರುಕಿಕೊಂಡು ನಗಬೇಕಾಯಿತು. ಮನೆಗೆ ಬಂದ ಮೇಲೆ ಮಾತ್ರ ಅತ್ತೆ. ನನ್ನ ಪರವಾಗಿ ಒಬ್ಬರು ಹೀಗೆ ಹಟ ಹಿಡಿದು ಕೂತದ್ದು ಯಜಮಾನರು ಹೋದ ಮೇಲೆ ಅದೇ ಮೊದಲು.

ಮತ್ತೆ ತೂಗಿದೆವು. ಮತ್ತೆ ಕಣಕ ನಾದಿದೆ. ಈ ಸಲ ಆರೂ ಒಂದೇ ಸಮ. ಉಸ್ತಾದರು ಎಂಜಿನ್ನು ಮುಚ್ಚಿದರು, ತಾವೇ ಮೋರಖಂಡಿಗೆ ಹೇಳಿ ಕಳಿಸಿದರು: "ಗಾಡಿ ತಯಾರ ಅದ. ಮೊದಲನೇ ಲೋಡು ನಿಮ್ಮ ಹೊಲದ್ದೇ ತುಂಬ್ರಿ." ಭಾವ ಬೇಡವೆನ್ನಲಿಲ್ಲ. ಅವರ ಕಬ್ಬಿಗೂ ಗಾಡಿ ಬೇಕಿತ್ತಲ್ಲ.

ಆ ಎಂಜಿನ್ನು ಎಂಬತ್ತರ ದಶಕದಲ್ಲೂ ಓಡಿತು. ಇಬ್ಬರು ಮಕ್ಕಳನ್ನೂ ಅದೇ ಓದಿಸಿತು. ಉಸ್ತಾದರು ಮಾತ್ರ ಅಷ್ಟು ಬಾಳಲಿಲ್ಲ. ಒಂದು ಬೇಸಿಗೆಯಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಗಂಡಸರು ಅವರನ್ನು ಹೊತ್ತುಕೊಂಡು ಹೋದ ಮೇಲೆ ಅವರ ಮನೆಯವರ ಪಕ್ಕ ಕೂತು ನಾನೂ ಎದೆ ಬಡಿದುಕೊಂಡೆ. ಒಡಹುಟ್ಟಿದವರಿಗೂ ನಾನು ಹಾಗೆ ಅತ್ತವಳಲ್ಲ.

ಅವರ ಋಣ ಯಾವುದೆಂದು ಯಾರಾದರೂ ಕೇಳಿದರೆ ಎಂಜಿನ್ನು ಎನ್ನುವುದಿಲ್ಲ. ಹಳ್ಳಿಖೇಡದ ಕಾರ್ಖಾನೆಯ ಗೇಟಿನ ಆ ಬೆಳಗು ಎನ್ನುತ್ತೇನೆ. ಮೋರಖಂಡಿಯಿಂದ ಮೊದಲ ಲೋಡು ಒಂದು ಕೆಮ್ಮೂ ಇಲ್ಲದೆ ಬಂದಿತ್ತು. ಭಾವ, ಉಸ್ತಾದರು, ಡ್ರೈವರು, ನಾನು ನಾಲ್ವರೂ ಇಳಿದು ನಿಂತಿದ್ದೆವು. ಗೇಟಿನ ಗುಮಾಸ್ತ, "ಗಾಡಿ ಯಾರ್ದು? ಹೆಸರು ಹೇಳ್ರಿ," ಎಂದ. ಡ್ರೈವರು ಭಾವನ ಮುಖ ನೋಡಿದ. ಭಾವ ಗಂಟಲು ಸರಿಮಾಡಿಕೊಂಡು ಉಸ್ತಾದರ ಕಡೆ ನೋಡಿದರು. ಜೀವಮಾನದಲ್ಲಿ ಒಂದು ಮಾತಿಗೂ ಹಿಂದೆ ಬೀಳದ ಆ ಮನುಷ್ಯ, ಆವತ್ತು ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತ ನಿಂತುಬಿಟ್ಟರು.

ನಾನು ಸೆರಗು ಸರಿಮಾಡಿಕೊಂಡು ಮುಂದೆ ಹೋಗಿ ನನ್ನ ಹೆಸರು ಹೇಳಿದೆ. ಗುಮಾಸ್ತನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.